ಇಬ್ಬರು ಕಾವಲುಗಾರರು, ಒಂದು ಪಟ್ಟಿ

1990ರ ದಶಕದ ಕೊನೆಯ ವರ್ಷಗಳಲ್ಲಿ ಸಿಸ್ಕೋ ಕಂಪನಿಯ ಪಿಕ್ಸ್ ಫೈರ್‌ವಾಲನ್ನು ಜೋಡಿಯಾಗಿ ಕೂರಿಸುವವರು ಎರಡು ಪೆಟ್ಟಿಗೆಗಳ ನಡುವೆ ಒಂದು ವಿಶೇಷ ಕೇಬಲ್ ಹಾಕಬೇಕಿತ್ತು. ಅದರ ಒಂದು ತುದಿಯ ಮೇಲೆ ‘ಪ್ರೈಮರಿ’ ಎಂದೂ ಇನ್ನೊಂದು ತುದಿಯ ಮೇಲೆ ‘ಸೆಕೆಂಡರಿ’ ಎಂದೂ ಬರೆದಿರುತ್ತಿತ್ತು. ಪೆಟ್ಟಿಗೆಗಳು ಒಂದೇ ಅಚ್ಚಿನವು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಯಾವ ತುದಿ ಯಾವುದಕ್ಕೆ ಸಿಕ್ಕಿತೋ ಅದೇ ಅದರ ಹಣೆಬರಹ. ವಾಲಿ ಸುಗ್ರೀವರ ಕಾಳಗದಲ್ಲಿ ಗುರುತು ಹತ್ತದೆ ಸುಗ್ರೀವನ ಕೊರಳಿಗೆ ಮಾಲೆ ಹಾಕಿಸಬೇಕಾಯಿತಲ್ಲ, ಈ ಕೇಬಲ್ಲೂ ಅಂಥದೇ ಒಂದು ಮಾಲೆ.

ಗುರುತಿನ ತೊಂದರೆಯನ್ನು ಮಾಲೆ ನೀಗಿಸಿತು. ಅದಕ್ಕಿಂತ ದೊಡ್ಡದೊಂದು ತೊಂದರೆ ಹಾಗೆಯೇ ಉಳಿಯಿತು, ಇವತ್ತಿಗೂ ಉಳಿದಿದೆ. ಎರಡು ಯಂತ್ರಗಳ ಕೈಯಲ್ಲೂ ಒಂದೇ ಆದೇಶ ಪಟ್ಟಿ ಇರುವಂತೆ ನೋಡಿಕೊಳ್ಳುವುದು ಹೇಗೆ?

ಫೈರ್‌ವಾಲ್ ಎಂದರೆ ಸಂಸ್ಥೆಯೊಂದರ ಜಾಲದ ಬಾಗಿಲಲ್ಲಿ ನಿಂತ ಕಾವಲುಗಾರ. ಯಾರು ಒಳಗೆ ಬರಬಹುದು, ಯಾರು ಬರಬಾರದು, ಒಳಗಿನ ಯಾವ ಯಂತ್ರ ಹೊರಗಿನ ಯಾರೊಂದಿಗೆ ಮಾತಾಡಬಹುದು ಎಂಬ ಪಟ್ಟಿ ಅವನ ಕೈಯಲ್ಲಿರುತ್ತದೆ. ದೊಡ್ಡ ಬ್ಯಾಂಕಿನ ಫೈರ್‌ವಾಲಿನಲ್ಲಿ ಇಂಥ ರೂಲುಗಳು ಸಾವಿರಗಟ್ಟಲೆ ಇರುವುದೂ ಉಂಟು. ಎಲ್ಲ ಸಂಚಾರವೂ ಈ ಒಂದೇ ಬಾಗಿಲಲ್ಲಿ ಹಾಯಬೇಕಾದ್ದರಿಂದ ಕಾವಲುಗಾರ ಕುಸಿದು ಬಿದ್ದರೆ ಇಡೀ ಸಂಸ್ಥೆ ಕತ್ತಲಲ್ಲಿ ಕೂರುತ್ತದೆ. ಅದಕ್ಕೇ ಇಬ್ಬರನ್ನು ನಿಲ್ಲಿಸುತ್ತಾರೆ. ಒಬ್ಬ ಕೆಲಸ ಮಾಡುವಾಗ ಇನ್ನೊಬ್ಬ ಅವನ ಉಸಿರಾಟವನ್ನೇ ಗಮನಿಸುತ್ತ ಕೂತಿರುತ್ತಾನೆ. ಉಸಿರು ನಿಂತಿತೆಂದು ಕಂಡ ಕೂಡಲೇ ಎದ್ದು ಆ ಜಾಗದಲ್ಲಿ ನಿಲ್ಲುತ್ತಾನೆ. ಇದನ್ನು ಫೇಲ್‌ಓವರ್ ಎನ್ನುತ್ತಾರೆ.

ಹೀಗೆ ನಿಲ್ಲಲು ಅವನಿಗೆ ಮೂರು ಬೇಕು. ಮೊದಲನೆಯದು ವಿಳಾಸ: ಸತ್ತವನ ವಿಳಾಸವನ್ನೇ ಇವನು ಧರಿಸಬೇಕು, ಇಲ್ಲದಿದ್ದರೆ ಕಾಗದಗಳೆಲ್ಲ ಹಳೆಯ ಮನೆಗೇ ಹೋಗುತ್ತವೆ. ಎರಡನೆಯದು ನೆನಪು: ಆ ಹೊತ್ತಿಗೆ ಬಾಗಿಲಲ್ಲಿ ಯಾವ ಯಾವ ಸಂಭಾಷಣೆ ನಡೆದಿತ್ತು ಎಂಬುದು. ಮೂರನೆಯದು ಪಟ್ಟಿ, ಅಂದರೆ ಕಾನ್ಫಿಗರೇಶನ್. ಮೊದಲೆರಡನ್ನು ಯಂತ್ರಗಳು ತಮ್ಮೊಳಗೇ ಕ್ಷಣಕ್ಷಣಕ್ಕೆ ಹಂಚಿಕೊಳ್ಳಬಲ್ಲವು. ಮೂರನೆಯದನ್ನು ತಿದ್ದುವವರು ಮನುಷ್ಯರು. ಅವರು ತಿದ್ದುವುದು ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ, ಅವಸರದಲ್ಲಿ, ಒಂದೇ ಪೆಟ್ಟಿಗೆಯ ಮೇಲೆ.

ಜೋಡಿ ಯಂತ್ರದ ಕಲ್ಪನೆ ಫೈರ್‌ವಾಲಿಗಿಂತ ಹಳೆಯದು. 1974ರಲ್ಲಿ ಜೇಮ್ಸ್ ಟ್ರೇಬಿಗ್ ಕ್ಯಾಲಿಫೋರ್ನಿಯಾದಲ್ಲಿ ಟ್ಯಾಂಡೆಮ್ ಎಂಬ ಕಂಪನಿ ಕಟ್ಟಿದ. ಹೆಸರಿನಲ್ಲೇ ಜೋಡಿ ಇದೆ. ಇಬ್ಬರು ತುಳಿಯುವ ಸೈಕಲ್ಲಿಗೆ ಅವರು ಕರೆಯುವುದೂ ಹಾಗೆಯೇ. 1976ರಲ್ಲಿ ಅದರ ಮೊದಲ ‘ನಾನ್‌ಸ್ಟಾಪ್’ ಯಂತ್ರ ಸಿಟಿಬ್ಯಾಂಕಿಗೆ ಹೋಯಿತು. ಅದರೊಳಗೆ ಪ್ರತಿ ಮುಖ್ಯ ಕೆಲಸಕ್ಕೂ ಒಂದು ನೆರಳು ಇರುತ್ತಿತ್ತು. ಕೆಲಸ ಹೆಜ್ಜೆ ಮುಂದಿಟ್ಟಾಗಲೆಲ್ಲ ‘ಇಲ್ಲಿಗೆ ಬಂದಿದ್ದೇನೆ’ ಎಂದು ನೆರಳಿಗೆ ಹೇಳುತ್ತಿತ್ತು. ಕೆಲಸ ಸತ್ತರೆ ನೆರಳು ಅಲ್ಲಿಂದಲೇ ಮುಂದುವರಿಯುತ್ತಿತ್ತು.

ಟ್ಯಾಂಡೆಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಒಂದು ವರದಿ ಬರೆದ. ಕಂಪ್ಯೂಟರುಗಳು ಯಾಕೆ ನಿಂತುಹೋಗುತ್ತವೆ, ಅದಕ್ಕೆ ಏನು ಮಾಡಬಹುದು ಎಂಬುದೇ ಅದರ ತಲೆಬರಹ. ಗ್ರಾಹಕರ ಬಳಿ ಓಡುತ್ತಿದ್ದ ಟ್ಯಾಂಡೆಮ್ ಯಂತ್ರಗಳ ವೈಫಲ್ಯಗಳನ್ನು ಒಂದೊಂದಾಗಿ ಹಿಡಿದು ಎಣಿಸಿದ್ದ. ಹಾರ್ಡ್‌ವೇರ್ ಕೆಟ್ಟು ನಿಂತದ್ದು ಶೇ. 18. ಸಾಫ್ಟ್‌ವೇರ್ ತಪ್ಪಿನಿಂದ ಶೇ. 25. ಆಡಳಿತದಿಂದ, ಅಂದರೆ ಆಪರೇಟರುಗಳು ಮಾಡಿದ್ದು, ಕಾನ್ಫಿಗರೇಶನ್, ನಿರ್ವಹಣೆ ಇವುಗಳಿಂದ ಶೇ. 42. ಯಂತ್ರವನ್ನು ಜೋಡಿ ಮಾಡಿದ ಕೂಡಲೇ ಯಂತ್ರದ ಸಾವು ಸಣ್ಣ ವಿಷಯವಾಗಿ, ಮನುಷ್ಯರ ಕೈ ದೊಡ್ಡ ವಿಷಯವಾಗಿ ಎದ್ದು ಕಂಡಿತ್ತು. ಗ್ರೇಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಕೋಷ್ಟಕವನ್ನು ಮಾತ್ರ ಮುಂದಿನ ತಲೆಮಾರು ಅಷ್ಟಾಗಿ ಓದಿದಂತಿಲ್ಲ. ಜಾಲದ ಲೋಕ ಜೋಡಿ ಯಂತ್ರಗಳನ್ನು ಕಟ್ಟಲು ಹೊರಟಾಗ ತಲೆ ಕೆಡಿಸಿಕೊಂಡದ್ದು ಮುಖ್ಯವಾಗಿ ವಿಳಾಸದ ಬಗ್ಗೆ.

ವಿಳಾಸದ ಕಥೆಯಲ್ಲಿ ಜಗಳವೂ ಇದೆ, ತಮಾಷೆಯೂ ಇದೆ. ಎರಡು ರೂಟರುಗಳು ಒಂದೇ ವಿಳಾಸವನ್ನು ಹಂಚಿಕೊಳ್ಳುವ ಎಚ್‌ಎಸ್‌ಆರ್‌ಪಿ ಎಂಬ ವಿಧಾನವನ್ನು ಸಿಸ್ಕೋ 1994ರ ಸುಮಾರಿಗೆ ರೂಪಿಸಿತು. ಅದಕ್ಕೆ ಪೇಟೆಂಟೂ ಇತ್ತು. 1998ರಲ್ಲಿ ಇಂಟರ್‌ನೆಟ್ಟಿನ ಮಾನಕ ಸಂಸ್ಥೆ ಎಲ್ಲರಿಗೂ ಅನ್ವಯಿಸುವ ವಿಆರ್‌ಆರ್‌ಪಿ ಎಂಬ ವಿಧಾನವನ್ನು ಪ್ರಕಟಿಸಿತು. ಅದೂ ತನ್ನ ಪೇಟೆಂಟಿನ ವ್ಯಾಪ್ತಿಗೇ ಬರುತ್ತದೆ ಎಂಬುದು ಸಿಸ್ಕೋ ನಿಲುವು. ಕೆನಡಾದ ಕ್ಯಾಲ್ಗರಿಯಿಂದ ಥಿಯೋ ಡಿ ರಾಟ್ ನಡೆಸುತ್ತಿದ್ದ ಓಪನ್‌ಬಿಎಸ್‌ಡಿ ಯೋಜನೆಗೆ ಇದು ಸರಿಬರಲಿಲ್ಲ. ಅದು ಸುಮ್ಮನಿರುವ ಗುಂಪೂ ಅಲ್ಲ. 2001ರಲ್ಲಿ ಲೈಸೆನ್ಸಿನ ಮಾತಿಗೆ ಮಾತು ಬೆಳೆದು ತನ್ನಲ್ಲಿದ್ದ ಐಪಿಫಿಲ್ಟರ್ ಎಂಬ ಫೈರ್‌ವಾಲ್ ತಂತ್ರಾಂಶವನ್ನೇ ಕಿತ್ತು ಹಾಕಿತ್ತು. ಆಗ ಡೇನಿಯಲ್ ಹಾರ್ಟ್‌ಮಯರ್ ಎಂಬ ಸ್ವಿಸ್ ಯುವಕ ‘ಪಿಎಫ್’ ಎಂಬ ಹೊಸ ಫೈರ್‌ವಾಲ್ ಬರೆದುಕೊಟ್ಟಿದ್ದ. ಈಗಲೂ ಹಾಗೆಯೇ ಆಯಿತು. ಪೇಟೆಂಟ್ ತಗಲದ ತಮ್ಮದೇ ವಿಧಾನವನ್ನು ಕಟ್ಟಿ ಅದಕ್ಕೆ ‘ಕಾರ್ಪ್’ ಎಂದು ಹೆಸರಿಟ್ಟರು. ಕಾರ್ಪ್ ಅಂದರೆ ಮೀನು. 2004ರ ಮೇ ತಿಂಗಳಲ್ಲಿ ಬಂದ 3.5ನೇ ಆವೃತ್ತಿಯೊಂದಿಗೆ, ಮೀನು ಸಾಕಲು ಲೈಸೆನ್ಸ್ ಕೇಳುವ ಬ್ರಿಟಿಷ್ ಹಾಸ್ಯ ಪ್ರಹಸನವೊಂದನ್ನು ಅಣಕಿಸಿ ಹಾಡನ್ನೂ ಬಿಡುಗಡೆ ಮಾಡಿದರು. ಅಧಿಕೃತವಾಗಿ ಸಂಖ್ಯೆ ಸಿಗದಿದ್ದಾಗ ವಿಆರ್‌ಆರ್‌ಪಿ ಬಳಸುತ್ತಿದ್ದ 112ನ್ನೇ ತಮ್ಮದಕ್ಕೂ ಇಟ್ಟುಕೊಂಡರು. ಹಟ ಎಂದರೆ ಇದು.

ಕಾರ್ಪ್ ಜೊತೆಗೆ ‘ಪಿಎಫ್‌ಸಿಂಕ್’ ಎಂಬ ಇನ್ನೊಂದು ಸಾಧನವಿತ್ತು. ನಡೆಯುತ್ತಿರುವ ಪ್ರತಿ ಸಂಭಾಷಣೆಯ ವಿವರವನ್ನು ಒಂದು ಫೈರ್‌ವಾಲ್ ಇನ್ನೊಂದಕ್ಕೆ ಕಳಿಸುತ್ತಲೇ ಇರುವುದು ಅದರ ಕೆಲಸ. ಮೊದಲನೆಯದು ಸತ್ತರೂ ಬಳಕೆದಾರನ ಡೌನ್‌ಲೋಡ್ ನಿಲ್ಲದೆ ಮುಂದುವರಿಯುತ್ತಿತ್ತು. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ವಿಶ್ವವಿದ್ಯಾಲಯಗಳಿಗೂ ಸಣ್ಣ ಕಂಪನಿಗಳಿಗೂ ಎರಡು ಹಳೆಯ ಪೀಸಿಗಳಲ್ಲೇ ಇಂಥ ವ್ಯವಸ್ಥೆ ಕೈಗೆಟುಕಿದ್ದು ನಿಜಕ್ಕೂ ದೊಡ್ಡ ಮಾತು. ವಿಳಾಸ ಆಯಿತು, ನೆನಪೂ ಆಯಿತು. ರೂಲುಗಳಿರುವ ಪಿಎಫ್.ಕಾನ್ಫ್ ಕಡತವನ್ನು ಮಾತ್ರ ಇವೆರಡರಲ್ಲಿ ಯಾವುದೂ ಮುಟ್ಟುತ್ತಿರಲಿಲ್ಲ. ಅದನ್ನು ಎರಡೂ ಕಡೆ ಒಂದೇ ಥರ ಇಡುವುದು ಆಡಳಿತಗಾರನ ಪಾಲಿಗೆ ಬಿಟ್ಟದ್ದು.

ಬಿಟ್ಟದ್ದರ ಪರಿಣಾಮ ಕಾರ್ಪ್‌ನ ಒಳಗೇ ಒಂದು ಕಡೆ ಚೆನ್ನಾಗಿ ಕಾಣುತ್ತದೆ. ಜೋಡಿಯಲ್ಲಿ ಯಜಮಾನನಾಗಿರುವ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ಸಾರುತ್ತದೆ. ಕಳ್ಳನೊಬ್ಬ ಸುಳ್ಳು ಸಾರಬಾರದೆಂದು ಅದಕ್ಕೊಂದು ಗುಪ್ತ ಮೊಹರು ಇರುತ್ತದೆ. ಈ ಮೊಹರನ್ನು ಲೆಕ್ಕ ಹಾಕುವಾಗ ಗುಟ್ಟಿನ ಪದದ ಜೊತೆಗೆ ಆ ಜೋಡಿ ಹಂಚಿಕೊಂಡ ವಿಳಾಸಗಳನ್ನೂ ಸೇರಿಸಿಕೊಳ್ಳುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಜಾಣತನವೇ. ಆದರೆ ಯಾರೋ ಒಬ್ಬರು ಮೊದಲ ಯಂತ್ರಕ್ಕೆ ಒಂದು ಹೊಸ ವಿಳಾಸ ಸೇರಿಸಿ ಎರಡನೆಯದಕ್ಕೆ ಸೇರಿಸಲು ಮರೆತರು ಅನ್ನಿ. ಆ ಕ್ಷಣದಿಂದ ಮೊಹರು ತಾಳೆಯಾಗುವುದಿಲ್ಲ. ಎರಡನೆಯದು ಮೊದಲನೆಯದರ ಸಾರುವಿಕೆಯನ್ನು ಸುಳ್ಳೆಂದು ತಳ್ಳಿಹಾಕುತ್ತದೆ. ಸ್ವಲ್ಪ ಹೊತ್ತು ಕಾದು, ಒಡೆಯ ಸತ್ತನೆಂದು ತೀರ್ಮಾನಿಸಿ ತಾನೇ ಗಾದಿ ಏರುತ್ತದೆ. ಮೊದಲನೆಯದೂ ಇಳಿಯುವುದಿಲ್ಲ. ಇಬ್ಬರೂ ಯಜಮಾನರು, ಇಬ್ಬರದೂ ಒಂದೇ ವಿಳಾಸ. ಒಂದು ಸಾಲಿನ ಮರೆವು, ಅಷ್ಟೇ.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಪಿಎಫ್‌ಸೆನ್ಸ್ ಯೋಜನೆಯೂ ಒಂದು. ಮಾನುಯೆಲ್ ಕ್ಯಾಸ್ಪರ್ ಕಟ್ಟಿದ್ದ ‘ಮೊನೊವಾಲ್’ ಎಂಬ ಪುಟ್ಟ ಫೈರ್‌ವಾಲಿನಿಂದ 2004ರಲ್ಲಿ ಕವಲೊಡೆದು ಬಂದದ್ದು ಇದು. ಅದರಲ್ಲಿ ಮೊದಲ ಯಂತ್ರದಲ್ಲಿ ಏನಾದರೂ ತಿದ್ದಿ ಉಳಿಸಿದ ಕೂಡಲೇ ಆ ತಿದ್ದುಪಡಿ ಎರಡನೆಯದಕ್ಕೆ ತಾನಾಗಿ ಹೋಗುತ್ತದೆ. ಸಮಸ್ಯೆ ಮುಗಿಯಿತು ಎನ್ನಬೇಕು. ಆದರೆ ಹೋಗಿ ತಲುಪಲು ಎರಡನೆಯ ಯಂತ್ರದ ಪಾಸ್‌ವರ್ಡ್ ಮೊದಲನೆಯದಕ್ಕೆ ಗೊತ್ತಿರಬೇಕು. ಆಡಿಟ್‌ನವರು ಬಂದರೆಂದು ಪಾಸ್‌ವರ್ಡ್ ಬದಲಿಸಿ ಇಲ್ಲಿ ಹೇಳಲು ಮರೆತರೆ ಸಿಂಕ್ ಅಂದೇ ನಿಲ್ಲುತ್ತದೆ. ಇನ್ನೊಂದು ಇದಕ್ಕಿಂತ ಅಪಾಯಕಾರಿ. ಈ ವ್ಯವಸ್ಥೆಯಲ್ಲಿ ರೂಲುಗಳು ಅಂಟಿಕೊಂಡಿರುವುದು ನಾವು ಪೋರ್ಟಿಗೆ ಇಟ್ಟ ಚಂದದ ಹೆಸರಿಗಲ್ಲ. ‘ಆಪ್ಟ್ 1’, ‘ಆಪ್ಟ್ 2’ ಎಂಬ ಒಳಗಿನ ಹೆಸರುಗಳಿಗೆ. ಮೊದಲ ಯಂತ್ರದಲ್ಲಿ ‘ಆಪ್ಟ್ 1’ ಸರ್ವರುಗಳ ಕಡೆಗಿದ್ದು, ಎರಡನೆಯದರಲ್ಲಿ ಅದೇ ಹೆಸರು ಅತಿಥಿಗಳ ವೈಫೈ ಕಡೆಗಿದ್ದರೆ, ಸಿಂಕ್ ಯಶಸ್ವಿಯಾಗಿಯೇ ಆಗುತ್ತದೆ. ಅಕ್ಷರ ಅಕ್ಷರವೂ ಒಂದೇ. ಸರ್ವರುಗಳಿಗೆಂದು ಬರೆದ ಅನುಮತಿಗಳು ಮಾತ್ರ ಅತಿಥಿಗಳ ಬಾಗಿಲಿಗೆ ಹೋಗಿ ಕೂತಿರುತ್ತವೆ.

ದುಬಾರಿ ಯಂತ್ರಗಳಲ್ಲೂ ಪಾಡು ಬೇರೆಯಲ್ಲ. ಪಿಕ್ಸ್‌ನ ಉತ್ತರಾಧಿಕಾರಿಯಾದ ಸಿಸ್ಕೋ ಎಎಸ್‌ಎಯಲ್ಲಿ ಸುಮ್ಮನಿರಬೇಕಾದ ಸ್ಟ್ಯಾಂಡ್‌ಬೈ ಪೆಟ್ಟಿಗೆಗೆ ಯಾರಾದರೂ ನೇರವಾಗಿ ಆದೇಶ ಬೆರಳಚ್ಚಿಸಿದರೆ ಪರದೆಯ ಮೇಲೆ ನಕ್ಷತ್ರ ಚಿಹ್ನೆಗಳ ನಡುವೆ ಒಂದು ಎಚ್ಚರಿಕೆ ಮೂಡುತ್ತದೆ: ಇಲ್ಲಿ ಬರೆದದ್ದು ಅಲ್ಲಿಗೆ ಹೋಗುವುದಿಲ್ಲ, ಎರಡರ ಕಾನ್ಫಿಗರೇಶನ್ ಇನ್ನು ಒಂದೇ ಅಲ್ಲ ಎಂಬರ್ಥದ ಮಾತು. ಆದರೆ ಆದೇಶವನ್ನು ಅದು ನಿರಾಕರಿಸುವುದಿಲ್ಲ. ಮೇಲಾಗಿ ಎಲ್ಲವೂ ನಕಲಾಗುವುದಿಲ್ಲ. ರೂಲುಗಳು ಹೋಗುತ್ತವೆ, ಯಂತ್ರದ ಮೂಲ ತಂತ್ರಾಂಶ, ಮನೆಯಿಂದ ಕೆಲಸ ಮಾಡುವವರು ಇಳಿಸಿಕೊಳ್ಳುವ ವಿಪಿಎನ್ ತಂತ್ರಾಂಶದ ಕಡತ ಹೋಗುವುದಿಲ್ಲ. ಅವನ್ನು ಕೈಯಾರೆ ಎರಡೂ ಕಡೆ ಇಡಬೇಕು. ಎಫ್5 ಕಂಪನಿಯ ಬಿಗ್-ಐಪಿ ಯಂತ್ರಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಎರಡರ ನಡುವೆ ವ್ಯತ್ಯಾಸ ಬಂದಾಗ ‘ಬದಲಾವಣೆಗಳು ಬಾಕಿ ಇವೆ’ ಎಂಬ ಸೂಚನೆ ಬರುತ್ತದೆ. ಯಾವುದರಿಂದ ಯಾವುದಕ್ಕೆ ನಕಲು ಮಾಡಬೇಕೆಂದು ಮನುಷ್ಯ ಆರಿಸಬೇಕು. ದಿಕ್ಕು ತಪ್ಪಿದರೆ ಹಳೆಯದು ಹೊಸದರ ಮೇಲೆ ಬಂದು ಬೀಳುತ್ತದೆ. ಎರಡೂ ಆಗ ನಿಜಕ್ಕೂ ಒಂದೇ ಆಗಿರುತ್ತವೆ. ಸೂಚನೆ ಹಸಿರಾಗುತ್ತದೆ. ಮೂರು ದಿನದ ಕೆಲಸ ಹೋಗಿರುತ್ತದೆ.

ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಶೋಳಿಂಗನಲ್ಲೂರಿನಲ್ಲೋ ರಾತ್ರಿ ಪಾಳಿಯಲ್ಲಿ ಕೂತು ಯಾವುದೋ ದೂರದೇಶದ ಬ್ಯಾಂಕಿನ ಫೈರ್‌ವಾಲ್ ನೋಡಿಕೊಳ್ಳುವವರಿಗೆ ಈ ‘ಬಾಕಿ ಇವೆ’ ಎಂಬ ಹಳದಿ ಸೂಚನೆ ಹೊಸದಲ್ಲ. ಅದು ತಿಂಗಳುಗಟ್ಟಲೆ ಹಾಗೇ ಇರುವುದುಂಟು. ಯಾಕೆಂದರೆ ಏನೂ ಕೆಟ್ಟಿಲ್ಲ. ಗ್ರಾಹಕರು ದೂರುತ್ತಿಲ್ಲ, ಸಂಚಾರ ಹರಿಯುತ್ತಿದೆ. ಸಿಂಕ್ ಮಾಡಲು ಹೋಗಿ ಏನಾದರೂ ಆದರೆ ಹೊಣೆ ತಮ್ಮದಾಗುತ್ತದೆ; ಮಾಡದೆ ಬಿಟ್ಟರೆ ಹೊಣೆ ಯಾರದೂ ಅಲ್ಲ. ಉಳಿದ ಯಂತ್ರದೋಷಗಳಿಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಪವರ್ ಸಪ್ಲೈ ಸುಟ್ಟರೆ ವಾಸನೆ ಬರುತ್ತದೆ. ಎರಡು ಪಟ್ಟಿಗಳು ಬೇರೆಯಾದರೆ ಏನೂ ಬರುವುದಿಲ್ಲ, ಎರಡನೆಯವನು ಎದ್ದು ನಿಲ್ಲುವ ದಿನದವರೆಗೆ. ಕೆಲಸ ಬಿಟ್ಟುಹೋದ ಗುತ್ತಿಗೆದಾರನಿಗಿದ್ದ ಪ್ರವೇಶವನ್ನು ಮಾರ್ಚ್‌ನಲ್ಲಿ ಮೊದಲ ಪೆಟ್ಟಿಗೆಯಲ್ಲಿ ಕಿತ್ತುಹಾಕಿದ್ದರೆ, ಎರಡನೆಯದರಲ್ಲಿ ಅದು ಇನ್ನೂ ಇರಬಹುದು. ನವೆಂಬರ್‌ನ ಒಂದು ರಾತ್ರಿ ಮೊದಲನೆಯದು ಕೆಡುತ್ತದೆ. ಫೇಲ್‌ಓವರ್ ಸುಗಮವಾಗಿ ಆಯಿತೆಂದು ಎಲ್ಲರೂ ಸಮಾಧಾನದಿಂದ ಮಲಗುತ್ತಾರೆ. ಮುಚ್ಚಿದ್ದ ಬಾಗಿಲು ತೆರೆದಿರುತ್ತದೆ.

ಇಬ್ಬರೂ ತಾವೇ ಯಜಮಾನರೆಂದುಕೊಳ್ಳುವ ಸ್ಥಿತಿಗೆ ಈ ಲೋಕದವರು ‘ಸ್ಪ್ಲಿಟ್ ಬ್ರೈನ್’ ಎನ್ನುತ್ತಾರೆ. ಮಿದುಳಿನ ಎರಡು ಭಾಗಗಳ ಕೊಂಡಿ ಕತ್ತರಿಸಿದವರನ್ನು ಅಭ್ಯಾಸ ಮಾಡಿ 1981ರಲ್ಲಿ ನೊಬೆಲ್ ಪಡೆದ ರೋಜರ್ ಸ್ಪೆರಿಯ ಕ್ಷೇತ್ರದಿಂದ ಎರವಲು ತಂದ ಮಾತು. ಇದಕ್ಕೆ ಕಂಡುಕೊಂಡ ಮದ್ದಿನ ಹೆಸರು ‘ಸ್ಟೋನಿತ್’. ಇನ್ನೊಬ್ಬನ ತಲೆಗೆ ಗುಂಡಿಡು ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳು ಅವು. ಜೋಡಿಯವನ ಸದ್ದು ಕೇಳದಿದ್ದರೆ ಅವನು ಸತ್ತನೋ ಬದುಕಿದನೋ ಎಂದು ಯೋಚಿಸುತ್ತ ಕೂರಬೇಡ, ಅವನ ಕರೆಂಟು ತೆಗೆದು ಆಮೇಲೆ ಕೆಲಸ ವಹಿಸಿಕೋ ಎಂಬುದು ತತ್ವ. 2012ರ ಡಿಸೆಂಬರ್ 22ರ ಶನಿವಾರ ಗಿಟ್‌ಹಬ್‌ನಲ್ಲಿ ಜಾಲದ ಸ್ವಿಚ್ಚುಗಳ ತಂತ್ರಾಂಶ ಬದಲಿಸುವಾಗ ಜೋಡಿ ಸ್ವಿಚ್ಚುಗಳು ಒಂದರಿಂದೊಂದು ಕೆಲಸ ವಹಿಸಿಕೊಳ್ಳುವುದು ತಡವಾಯಿತು. ಅಷ್ಟರಲ್ಲಿ ಅವುಗಳ ಹಿಂದಿದ್ದ ಕಡತ ಸರ್ವರುಗಳ ಜೋಡಿಗಳಿಗೆ ಪರಸ್ಪರ ಸಂಪರ್ಕ ತಪ್ಪಿತು. ಪ್ರತಿಯೊಂದೂ ಇನ್ನೊಂದನ್ನು ಸತ್ತಿತೆಂದುಕೊಂಡಿತು. ಜಾಲ ಮರಳಿ ಬಂದದ್ದೇ ತಡ, ಕೆಲವು ಜೋಡಿಗಳಲ್ಲಿ ಇಬ್ಬರೂ ಒಟ್ಟಿಗೇ ಗುಂಡು ಹಾರಿಸಿ ಇಬ್ಬರೂ ಬಿದ್ದರು. ಯಾವ ಪ್ರತಿ ಸರಿ, ಯಾವುದು ಹಳೆಯದು ಎಂದು ಪ್ರತಿ ಜೋಡಿಯನ್ನೂ ಮನುಷ್ಯರೇ ಕೂತು ತಾಳೆ ನೋಡಬೇಕಾಯಿತು.

ಎರಡು ಯಂತ್ರಗಳನ್ನು ಪರಸ್ಪರ ಹೋಲಿಸಿ ನೋಡಿದರೆ ಸಾಕು ಎಂದುಕೊಂಡವರಿಗೆ 2020ರ ಅಕ್ಟೋಬರ್ 1ರ ಬೆಳಿಗ್ಗೆ ಟೋಕಿಯೋ ಸ್ಟಾಕ್ ಎಕ್ಸ್‌ಚೇಂಜ್ ಬೇರೆಯೇ ಒಂದು ಬಗೆಯನ್ನು ತೋರಿಸಿತು. ಅಲ್ಲಿ ಜೋಡಿಯಾಗಿದ್ದದ್ದು ಫೈರ್‌ವಾಲ್ ಅಲ್ಲ, ‘ಆ್ಯರೋಹೆಡ್’ ಎಂಬ ವಹಿವಾಟು ವ್ಯವಸ್ಥೆಯ ಹಂಚಿಕೆಯ ಡಿಸ್ಕ್ ಯಂತ್ರಗಳು, ಕಟ್ಟಿಕೊಟ್ಟದ್ದು ಫುಜಿತ್ಸು. ಬೆಳಿಗ್ಗೆ 7 ಗಂಟೆ 4 ನಿಮಿಷಕ್ಕೆ ಮೊದಲ ಯಂತ್ರದ ಮೆಮೊರಿ ಕೆಟ್ಟಿತು. ಎರಡನೆಯದು ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇಂಥ ವೈಫಲ್ಯವಾದಾಗ ಏನು ಮಾಡಬೇಕೆಂದು ಹೇಳುವ ಒಂದು ಸೆಟ್ಟಿಂಗ್ ‘ಆಫ್’ ಎಂದಿತ್ತು. ಹಳೆಯ ಮಾದರಿಯಲ್ಲಿ ಅದು ‘ಆಫ್’ ಇದ್ದರೂ ಸ್ವಲ್ಪ ಹೊತ್ತಿನ ಬಳಿಕ ಎರಡನೆಯದು ಕೆಲಸ ವಹಿಸಿಕೊಳ್ಳುತ್ತಿತ್ತು. 2015ರ ಹೊತ್ತಿಗೆ ಬಂದ ಮಾದರಿಯಲ್ಲಿ ‘ಆಫ್’ ಎಂದರೆ ‘ಆಫ್’, ವಹಿಸಿಕೊಳ್ಳುವುದೇ ಇಲ್ಲ. ಕೈಪಿಡಿಯಲ್ಲಿ ಹಳೆಯ ಮಾತೇ ಉಳಿದಿತ್ತು. ಯಂತ್ರ ಬದಲಾಯಿತು, ಪುಸ್ತಕ ಬದಲಾಗಲಿಲ್ಲ, ಐದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ಯಂತ್ರಗಳ ನಡುವೆ ಜಗಳವಿರಲಿಲ್ಲ. ಆ ಒಪ್ಪಂದಕ್ಕೂ ಜನರ ತಲೆಯಲ್ಲಿದ್ದ ನಂಬಿಕೆಗೂ ಸಿಂಕ್ ಇರಲಿಲ್ಲ.

ಕೈಯಾರೆ ಎರಡನೆಯದಕ್ಕೆ ಬದಲಿಸುವ ಹೊತ್ತಿಗೆ ದಲ್ಲಾಳಿಗಳ ಆರ್ಡರುಗಳು ಒಳಗೆ ಬಂದಾಗಿತ್ತು. ವ್ಯವಸ್ಥೆಯನ್ನು ಮತ್ತೆ ಶುರು ಮಾಡಿದರೆ ಅವುಗಳ ಗತಿ ಏನೆಂಬುದಕ್ಕೆ ಒಪ್ಪಿದ ನಿಯಮವಿರಲಿಲ್ಲ. ಕೊನೆಗೆ ಇಡೀ ದಿನದ ವಹಿವಾಟನ್ನೇ ಕೈಬಿಟ್ಟರು. 1999ರಲ್ಲಿ ವಹಿವಾಟು ಪೂರ್ತಿ ಎಲೆಕ್ಟ್ರಾನಿಕ್ ಆದ ಮೇಲೆ ಹಾಗಾದದ್ದು ಅದೇ ಮೊದಲು. ಅದೇ ವ್ಯವಸ್ಥೆ ಬಳಸುತ್ತಿದ್ದ ನಗೋಯಾ, ಫುಕುವೋಕಾ, ಸಪ್ಪೋರೋ ಎಕ್ಸ್‌ಚೇಂಜುಗಳೂ ನಿಂತವು. ನವೆಂಬರ್ 30ರಂದು ಎಕ್ಸ್‌ಚೇಂಜಿನ ಮುಖ್ಯಸ್ಥ ಕೊಯಿಚಿರೋ ಮಿಯಾಹಾರಾ ರಾಜೀನಾಮೆ ಕೊಟ್ಟರು.

ಐದು ತಿಂಗಳೊಳಗೆ ಅಂಥದೇ ದಿನ ಮುಂಬೈಗೂ ಬಂತು. 2021ರ ಫೆಬ್ರುವರಿ 24, ಬುಧವಾರ. ಬೆಳಿಗ್ಗೆ 11.40ಕ್ಕೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ವಹಿವಾಟು ನಿಲ್ಲಿಸಿತು. ಅದರ ಮುಖ್ಯ ಕೇಂದ್ರಕ್ಕೂ ಹತ್ತಿರದ ಬದಲಿ ಕೇಂದ್ರಕ್ಕೂ ನಡುವೆ ಎರಡು ಬೇರೆ ಬೇರೆ ಟೆಲಿಕಾಂ ಕಂಪನಿಗಳ ಸಂಪರ್ಕಗಳಿದ್ದವು. ಒಂದು ಹೋದರೆ ಇನ್ನೊಂದಿರಲಿ ಎಂಬ ಅದೇ ಲೆಕ್ಕ. ದಾರಿಯುದ್ದಕ್ಕೂ ನಡೆದಿದ್ದ ಅಗೆತದ ಕೆಲಸದಿಂದ ಸಂಪರ್ಕಗಳಿಗೆ ಪೆಟ್ಟಾಯಿತೆಂದು ಎಕ್ಸ್‌ಚೇಂಜ್ ಮಾರ್ಚ್‌ನಲ್ಲಿ ಹೇಳಿತು. ಮುಂಬೈಯ ರಸ್ತೆ ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ. ಗಮನಿಸಬೇಕಾದ್ದು ಮುಂದಿನ ಮಾತು. ಸಂಪರ್ಕ ಹೋದರೂ ಮುಖ್ಯ ಕೇಂದ್ರದ ಸ್ಟೋರೇಜ್ ವ್ಯವಸ್ಥೆ ತನ್ನ ಪಾಡಿಗೆ ಕೆಲಸ ಮುಂದುವರಿಸಬೇಕಿತ್ತು. ಅದು ನಿಂತುಹೋಯಿತು. ಮಾರಾಟಗಾರರು ಅಳವಡಿಸಿದ ಫೇಲ್‌ಓವರ್ ತರ್ಕ ತಾನು ಕೇಳಿದ್ದ ವಿನ್ಯಾಸಕ್ಕೆ ತಕ್ಕಂತಿರಲಿಲ್ಲ, ಕಾನ್ಫಿಗರೇಶನ್ನಿನ ದೋಷ ಅದನ್ನು ಇನ್ನಷ್ಟು ಹದಗೆಡಿಸಿತು ಎಂಬುದು ಎಕ್ಸ್‌ಚೇಂಜಿನ ವಿವರಣೆ. ಚೆನ್ನೈಯಲ್ಲಿ ದೂರದ ಬದಲಿ ಕೇಂದ್ರವೂ ಇತ್ತಲ್ಲ, ವಹಿವಾಟನ್ನು ಬದಲಿ ಕೇಂದ್ರಕ್ಕೆ ಯಾಕೆ ಒಯ್ಯಲಿಲ್ಲ ಎಂದು ಸೆಬಿ ಕೇಳಿತು. ಅಂದು ಸಂಜೆ 3.45ಕ್ಕೆ ಮತ್ತೆ ಬಾಗಿಲು ತೆರೆದು 5 ಗಂಟೆಯವರೆಗೆ ವಹಿವಾಟು ನಡೆಸಿದರು. ಆದರೆ ನಡುವಿನ ನಾಲ್ಕು ಗಂಟೆಗಳಲ್ಲಿ, ಮಾರುಕಟ್ಟೆ ಇನ್ನು ತೆರೆಯುವುದೋ ಇಲ್ಲವೋ ತಿಳಿಯದೆ ಅನೇಕ ದಲ್ಲಾಳಿಗಳು ಗ್ರಾಹಕರ ಅಂದಿನ ವ್ಯವಹಾರವನ್ನು ಬಾಂಬೆ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಸಿಕ್ಕ ಬೆಲೆಗೆ ಮುಗಿಸಿಬಿಟ್ಟಿದ್ದರು. ಅದರ ನಷ್ಟ ಸಣ್ಣ ಹೂಡಿಕೆದಾರರ ಮೇಲೂ ಬಿತ್ತು.

ಆ ದಿನ ಅವಸರದಲ್ಲಿ ನಡೆದದ್ದನ್ನೇ ಸೆಬಿ ಆಮೇಲೆ ವ್ಯವಸ್ಥೆಯಾಗಿ ಮಾಡಿತು. 2024ರ ನವೆಂಬರ್ 28ರ ಸುತ್ತೋಲೆಯ ಪ್ರಕಾರ, 2025ರ ಏಪ್ರಿಲ್ 1ರಿಂದ ಈ ಎರಡು ಎಕ್ಸ್‌ಚೇಂಜುಗಳು ಒಂದಕ್ಕೊಂದು ಬದಲಿ ತಾಣ. ಒಂದು ನಿಂತರೆ ವ್ಯವಹಾರ ಇನ್ನೊಂದರಲ್ಲಿ ಮುಂದುವರಿಯಬೇಕು. ಅಂದರೆ ಇಲ್ಲೂ ಎರಡು ಪೆಟ್ಟಿಗೆಗಳು, ಎರಡು ಪಟ್ಟಿಗಳು. ಒಂದರಲ್ಲಿ ಮಾತ್ರ ನೋಂದಾಯಿತವಾದ ಕಂಪನಿಗಳ ಷೇರುಗಳನ್ನು ಇನ್ನೊಂದರಲ್ಲಿ ಎಲ್ಲಿ ಮಾರುವುದು? ಅದಕ್ಕಾಗಿ ಪ್ರತಿ ಎಕ್ಸ್‌ಚೇಂಜೂ ಇನ್ನೊಂದರಲ್ಲಷ್ಟೇ ಇರುವ ಷೇರುಗಳಿಗೆ ತನ್ನಲ್ಲಿ ‘ರಿಸರ್ವ್’ ನಮೂದುಗಳನ್ನು ಮೊದಲೇ ಮಾಡಿಟ್ಟಿರಬೇಕೆಂದು ಸುತ್ತೋಲೆ ಹೇಳುತ್ತದೆ. ಮಾಮೂಲಿ ದಿನಗಳಲ್ಲಿ ಆ ನಮೂದುಗಳು ಮಲಗಿರುತ್ತವೆ. ಇತ್ತ ಹೊಸ ಕಂಪನಿ ಸೇರಿದಾಗ, ಹಳೆಯದು ಹೆಸರು ಬದಲಿಸಿದಾಗ, ಇನ್ನೊಂದು ಹೊರಬಿದ್ದಾಗಲೆಲ್ಲ ಅತ್ತ ಮಲಗಿರುವ ಪಟ್ಟಿಯನ್ನೂ ಯಾರಾದರೂ ತಿದ್ದುತ್ತಿರಬೇಕು.